ತಂಬೂರಿ ಎಲ್ಲಿ ಹೋಯಿತು?

ರೆಕಾರ್ಡ್ ಪ್ಲೇಯರಿಗೆ ಹೊಸ ಕಾರ್ಟ್ರಿಜ್, ಅಂದರೆ ಸೂಜಿಯನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ, ಜೋಡಿಸಿದ ಸಂಜೆ ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ. ಅಪ್ಪ ಕೊಂಡದ್ದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅದರ ಗೀರುಗಳೆಲ್ಲ ನನಗೆ ಬಾಯಿಪಾಠ: ಎಲ್ಲಿ ಎರಡು ಸಲ ಚಟ್ಟೆನ್ನುತ್ತದೆ, ಎಲ್ಲಿ ಸಾರಂಗಿಯ ಕೆಳಗೆ ಸಣ್ಣಗೆ ಸುಯ್ಯೆನ್ನುತ್ತದೆ ಎಂಬುದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಹಾಗಾಗಿ ಯಂತ್ರದಲ್ಲಿ ಏನೇ ಬದಲಾದರೂ ಮೊದಲ ಪರೀಕ್ಷೆ ಅದರ ಮೇಲೆಯೇ. ಸೂಜಿ ಇಳಿಯಿತು. ಧ್ವನಿ ಹಿಂದೆಂದೂ ಬಾರದಷ್ಟು ಹತ್ತಿರಕ್ಕೆ ಬಂತು. ಅವರು ಉಸಿರು ತೆಗೆದುಕೊಳ್ಳುವುದು, 'ಆ'ಕಾರಕ್ಕೆ ಬಾಯಿ ತೆರೆಯುವುದು, ತಬಲಾದವರು ಡಗ್ಗದ ಮೇಲೆ ಅಂಗೈ ಒತ್ತಿ ಜಾರಿಸುವುದು ಎಲ್ಲವೂ ಬಿಡಿಬಿಡಿಯಾಗಿ ಕೇಳಿಸಿದವು. ಆದರೆ ಎರಡು ನಿಮಿಷ ಕಳೆಯುವಷ್ಟರಲ್ಲಿ ಮನಸ್ಸಿನಲ್ಲಿ ಏನೋ ಕಸಿವಿಸಿ ಶುರುವಾಯಿತು. ತಂಬೂರಿ ಇರಬೇಕಾದ ಹಾಗೆ ಇರಲಿಲ್ಲ. ಹಾಡುಗಾರಿಕೆಯ ಹಿಂದೆ ಒಂದೇ ಹಾಸಾಗಿ ಹರಡಿಕೊಂಡಿರಬೇಕಾದ ನಾದ ನಾಲ್ಕು ತಂತಿಗಳಾಗಿ ಒಡೆದು, ಪ್ರತಿ ಮೀಟಿನ ತುದಿಯಲ್ಲಿ ತಗಡು ಉಜ್ಜಿದಂಥ ಸದ್ದು ಮಾಡುತ್ತಿತ್ತು. ಧ್ವನಿ ಬಂದು ಮೇಲೆ ಕುಳಿತ ಕೂಡಲೇ ಆ ತಂಬೂರಿ ಮಾಯ. ಧ್ವನಿ ನಿಂತ ಕಡೆ ಮತ್ತೆ ತಗಡು.

ಒಳಗಿನ ಕೋಣೆಯಲ್ಲಿದ್ದ ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದಳು. ಮದುವೆಗೆ ಮುಂಚೆ ಆರು ವರ್ಷ ಹಾಡು ಕಲಿತವಳು. ಅವಳ ತಂಬೂರಿ ಈಗಲೂ ನಮ್ಮ ಮನೆಯ ಮೂಲೆಯಲ್ಲಿ ಗವಸು ಹೊದ್ದು ನಿಂತಿದೆ. "ಜವಾರಿ ಕೆಟ್ಟಿದೆ" ಎಂದು ಹೇಳಿ ಒಳಗೆ ಹೋದಳು. ತಂಬೂರಿಯ ತಂತಿ, ತನ್ನನ್ನು ಹೊತ್ತ ಕುದುರೆಗೆ ತಾಗಿ ಹೊಮ್ಮಿಸುವ ಝೇಂಕಾರವೇ ಜವಾರಿ. ಸುಮಾರು ಮೂರು ವಾರ ನಾನು ಆ ಮಾತನ್ನು ಒಪ್ಪಿಕೊಳ್ಳಲಿಲ್ಲ. ಹೊಸ ಕಾರ್ಟ್ರಿಜ್ ಹೆಚ್ಚು ವಿವರ ಕೊಡುತ್ತದೆ, ತಂಬೂರಿಯ ಈ ಒರಟುತನ ಮೊದಲಿನಿಂದಲೂ ರೆಕಾರ್ಡಿನಲ್ಲೇ ಇತ್ತು, ಹಳೆಯ ಕಾರ್ಟ್ರಿಜ್ ಅದನ್ನು ಮುಚ್ಚಿಟ್ಟಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವರ್ಷವಿಡೀ ಕೂಡಿಟ್ಟ ಹಣ ಕೊಟ್ಟು ತಂದ ವಸ್ತುವಿನ ಬಗ್ಗೆ ಬೇರೆ ಬಗೆಯಲ್ಲಿ ಯೋಚಿಸುವುದು ಕಷ್ಟ. ಆದರೆ ತಂಬೂರಿ ಇಲ್ಲದೆ ಮನ್ಸೂರರನ್ನು ಕೇಳುವುದು ಇನ್ನೂ ಕಷ್ಟ. ಜೈಪುರ ಘರಾಣೆಯ ಆ ಸುತ್ತುಸುತ್ತಾದ ತಾನುಗಳು, ಅಂದರೆ ವೇಗದ ಸ್ವರಮಾಲೆಗಳು, ಯಾವ ನೆಲದ ಮೇಲೆ ತಿರುಗುತ್ತಿವೆ ಎಂದು ತಿಳಿಯಬೇಕಾದರೆ ಆ ಷಡ್ಜ ಬಿಡದೆ ಕಿವಿಯಲ್ಲಿರಬೇಕು.

ಹದಿನಾಲ್ಕು ಪಾಲು ಸಣ್ಣದು

ಎಂಟು ವರ್ಷ ನನ್ನ ಬಳಿ ಇದ್ದದ್ದು ಆರ್ಟೋಫೋನ್ 2ಎಂ ಬ್ಲೂ, ಅಂದರೆ ಅಯಸ್ಕಾಂತ ಅಲುಗಾಡುವ ಎಂಎಂ ಜಾತಿಯದು. ಈಗ ತಂದದ್ದು ಅದೇ ಡೆನ್ಮಾರ್ಕಿನ ಮನೆತನದ ಕಡೆಂಜಾ ಬ್ರಾಂಜ್, ಸುರುಳಿ ಅಲುಗಾಡುವ ಎಂಸಿ. ಇವೆರಡರ ವ್ಯತ್ಯಾಸವನ್ನು ರೆಕಾರ್ಡ್ ಕೇಳುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ನಾನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕಿದ್ದ ಸಂಖ್ಯೆಗಳನ್ನು ಇಲ್ಲಿ ಬರೆಯುತ್ತೇನೆ. ಬ್ಲೂ ಕೊಡುವುದು 5.5 ಮಿಲಿವೋಲ್ಟ್, ಬ್ರಾಂಜ್ ಕೊಡುವುದು 0.4. ಹದಿನಾಲ್ಕು ಪಾಲು ಸಣ್ಣದು. ಬ್ಲೂ ಒಳಗಿನ ಸುರುಳಿಯ ರೋಧ ಸಾವಿರ ಓಮ್‌ಗಿಂತ ಹೆಚ್ಚು, ಬ್ರಾಂಜಿನದು ಬರೀ 5 ಓಮ್. ಇದರಲ್ಲಿ ಗುಟ್ಟೇನೂ ಇಲ್ಲ. ಸೂಜಿಯ ಜೊತೆಗೆ ಸುರುಳಿಯೇ ಅಲುಗಾಡಬೇಕಾದರೆ ಅದು ಹಗುರವಾಗಿರಬೇಕು, ಹಗುರವಾಗಿರಬೇಕಾದರೆ ಸುತ್ತುಗಳು ಕಡಿಮೆಯಿರಬೇಕು, ಸುತ್ತು ಕಡಿಮೆಯಾದರೆ ವೋಲ್ಟೇಜೂ ಕಡಿಮೆ, ರೋಧವೂ ಕಡಿಮೆ. ಆರ್ಟೋಫೋನಿನವರು 1959ರಲ್ಲಿ ಎಸ್‌ಪಿಯು ಎಂಬ ಸ್ಟೀರಿಯೊ ಎಂಸಿ ತಂದ ಕಾಲದಿಂದಲೂ ಈ ಕೊಡುಕೊಳ್ಳುವಿಕೆ ಬದಲಾಗಿಲ್ಲ.

ಈ 0.4 ಮಿಲಿವೋಲ್ಟ್ ಎಂಬುದು ಕೊರಕಲಿನಲ್ಲಿ ಸೂಜಿ ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ಅಲುಗಾಡುವಾಗಿನ ಲೆಕ್ಕ. ಹಾಡುಗಾರರ ಧ್ವನಿ ಆ ಮಟ್ಟದ ಆಸುಪಾಸಿನಲ್ಲಿದೆ, ಹಿಂದಿನ ತಂಬೂರಿ ಅದಕ್ಕಿಂತ 40 ಡೆಸಿಬಲ್ ಕೆಳಗಿದೆ ಎಂದಿಟ್ಟುಕೊಳ್ಳಿ. ಆಗ ತಂಬೂರಿಯ ಪಾಲಿಗೆ ಬರುವುದು 4 ಮೈಕ್ರೋವೋಲ್ಟ್. ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ನಾಲ್ಕು ಭಾಗ. ಆ ನಾಲ್ಕು ಭಾಗದೊಳಗೇ ಜವಾರಿ ಇದೆ. ಅಷ್ಟೇ ಅಲ್ಲ, ಅದು ರೆಕಾರ್ಡಿನಲ್ಲಿ ಇದ್ದ ಹಾಗೆಯೇ ಕೇಳುವ ಸ್ಥಿತಿಯಲ್ಲಿಯೂ ಇಲ್ಲ. 1954ರಿಂದ ಬಳಕೆಗೆ ಬಂದ, ಅಮೆರಿಕದ ರೆಕಾರ್ಡ್ ಉದ್ಯಮದ ಸಂಘವಾದ ಆರ್‌ಐಎಎಯ ನಿಯಮದಂತೆ ಕೆಳಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನವನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸಿ ಆಂಪ್ಲಿಫೈಯರ್‌ಗೆ ಕೊಡುವ ಫೋನೊ ಸ್ಟೇಜ್ ಅದನ್ನು ತಿರುವುಮುರುವು ಮಾಡಿ ಮೂಲಕ್ಕೆ ತರಬೇಕು. ಗಂಡುಧ್ವನಿಯ ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಜಿನಲ್ಲಿ ನುಡಿಯುತ್ತದೆ ಎನ್ನೋಣ. ಅದನ್ನು ಫೋನೊ ಸ್ಟೇಜ್ ಸುಮಾರು 15 ಡೆಸಿಬಲ್ ಎತ್ತುತ್ತದೆ. ಅದೇ ತಂತಿಯ ಜವಾರಿಯ ಮಿನುಗು 5 ಕಿಲೋಹರ್ಟ್ಜಿನ ಹತ್ತಿರ ಇದ್ದರೆ ಅದನ್ನು 8 ಡೆಸಿಬಲ್ ಇಳಿಸುತ್ತದೆ. ಒಂದೇ ಮೀಟಿನ ಬುಡವನ್ನು ಒಂದು ಕೈ ಎತ್ತಿ ಹಿಡಿದಿದೆ, ತುದಿಯನ್ನು ಇನ್ನೊಂದು ಕೈ ಒತ್ತಿ ಹಿಡಿದಿದೆ. ಈ ಎರಡು ಕೈಗಳ ನಡುವೆ ಎಲ್ಲಿ ಸ್ವಲ್ಪ ಎಡವಟ್ಟಾದರೂ ಬುಡ ತುದಿ ಎರಡೂ ಒಂದೇ ವಾದ್ಯದವು ಎಂಬ ನಂಬಿಕೆ ಹೊರಟುಹೋಗುತ್ತದೆ. ನನ್ನ ಮನೆಯಲ್ಲಿ ಆದದ್ದು ಅದೇ ಎಂದು ಆಗ ಅನಿಸಿತ್ತು. ಆದರೆ ತಪ್ಪು ಅಲ್ಲಿರಲಿಲ್ಲ.

ನನ್ನ ಫೋನೊ ಸ್ಟೇಜಿನ ಹೊಟ್ಟೆಯಡಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಎರಡು ಸಾಲಿವೆ. ಒಂದು ಸಾಲು ಗೇನ್‌ಗೆ, ಅಂದರೆ ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಎಂಬುದಕ್ಕೆ: 40, 60, 70 ಡೆಸಿಬಲ್. ಇನ್ನೊಂದು ಲೋಡ್‌ಗೆ, ಅಂದರೆ ಕಾರ್ಟ್ರಿಜ್‌ನ ಎದುರಿಗೆ ಫೋನೊ ಸ್ಟೇಜ್ ಎಷ್ಟು ಓಮ್ ಆಗಿ ನಿಲ್ಲಬೇಕು ಎಂಬುದಕ್ಕೆ: 47 ಕಿಲೋಓಮ್, ಸಾವಿರ, 470, 100, 10. ಹೊಸದನ್ನು ಜೋಡಿಸುವಾಗ ಸಣ್ಣ ಸಂಕೇತಕ್ಕೆ ದೊಡ್ಡ ಗೇನ್ ಬೇಕು ಎಂದು 70ಕ್ಕೆ ಸರಿಸಿದೆ. ಲೋಡ್ ಹಿಂದಿನ ಕಾರ್ಟ್ರಿಜ್‌ಗೆ ಇದ್ದ 47 ಕಿಲೋಓಮ್‌ನಲ್ಲೇ ಉಳಿಯಿತು. ತಯಾರಕರ ಚೀಟಿಯಲ್ಲಿ 50ರಿಂದ 200 ಓಮ್ ಎಂದು ಸ್ಪಷ್ಟವಾಗಿಯೇ ಇತ್ತು. ಓದಿದ್ದೆ. ಹೆಚ್ಚು ಓಮ್ ಎಂದರೆ ಕಡಿಮೆ ಹೊರೆ, ಕಡಿಮೆ ಹೊರೆ ಎಂದರೆ ಕಾರ್ಟ್ರಿಜ್‌ಗೆ ಹೆಚ್ಚು ಸ್ವಾತಂತ್ರ್ಯ ಎಂದುಕೊಂಡು ಮುಂದೆ ಹೋಗಿದ್ದೆ.

ಕಾಕಾ ಮತ್ತು 600 ಓಮ್

ದೀಪಾವಳಿಗೆ ಹುಬ್ಬಳ್ಳಿಯಿಂದ ಕಾಕಾ ಬಂದರು. ಮೂವತ್ತನಾಲ್ಕು ವರ್ಷ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕೆಲಸ ಮಾಡಿದವರು. ಈಗ ಎಪ್ಪತ್ತೆಂಟು ವಯಸ್ಸು. ಎಲ್ಲಿ ಹೋದರೂ ಚೀಲದಲ್ಲಿ ಒಂದು ಹಳೆಯ ಮಲ್ಟಿಮೀಟರ್ ಇರುತ್ತದೆ. ಊಟ ಮುಗಿಸಿ ರೆಕಾರ್ಡ್ ಕೇಳಿದರು. ಅವ್ವ ತನ್ನ ಮಾತನ್ನು ಮತ್ತೆ ಹೇಳಿದಳು. ಕಾಕಾ ತಕ್ಷಣ ಕೇಳಿದ್ದು, "ಇದರೊಳಗಿನ ರೋಧ ಎಷ್ಟು?" ನಾನು ಐದು ಓಮ್ ಎಂದೆ. "ಎದುರಿಗೆ ಎಷ್ಟು ಕೊಟ್ಟಿದ್ದೀಯ?" ನಲವತ್ತೇಳು ಸಾವಿರ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಖಾತ್ರಿ ಮಾಡಿಕೊಳ್ಳೋಣವೆಂದು ನಾನು ಮೀಟರಿನ ಕಡ್ಡಿಗಳನ್ನು ಕಾರ್ಟ್ರಿಜ್‌ನ ಪಿನ್ನುಗಳ ಕಡೆಗೆ ಒಯ್ಯುತ್ತಿದ್ದಾಗ ಕೈ ಹಿಡಿದು ತಡೆದರು. "ಮುಟ್ಟಿಸಬೇಡ ತಮ್ಮಾ. ಓಮ್ ಅಳೆಯಬೇಕಾದರೆ ಮೀಟರ್ ತನ್ನ ಬ್ಯಾಟರಿಯಿಂದ ಕರೆಂಟ್ ಹರಿಸುತ್ತದೆ. ಕೂದಲೆಳೆಯಂಥ ತಂತಿ ಇದು. ಚೀಟಿಯಲ್ಲಿ ಬರೆದದ್ದನ್ನು ನಂಬು." ಅಂದು ಅವರು ಬಾರದೇ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಒಮ್ಮೊಮ್ಮೆ ನೆನೆಯುತ್ತೇನೆ.

ಕಾಕಾ ಅವರ ಪ್ರಕಾರ ಉತ್ತರ ಸರಳವಾಗಿತ್ತು. ದೂರವಾಣಿಯಲ್ಲಿ ತಂತಿಯ ಒಂದು ತುದಿ 600 ಓಮ್ ಆದರೆ ಇನ್ನೊಂದು ತುದಿಯೂ 600 ಓಮ್ ಇರಬೇಕು. ಹೊಂದಾಣಿಕೆ ಎಂದರೆ ಅವರಿಗೆ ಇಡೀ ಆಯುಷ್ಯದಲ್ಲಿ ಅದೇ ಅರ್ಥ. ಸಮ ಇಲ್ಲದಿದ್ದರೆ ಶಕ್ತಿ ವ್ಯರ್ಥವಾಗುತ್ತದೆ, ಉದ್ದದ ಲೈನಿನಲ್ಲಿ ಹೋದ ಮಾತು ಪ್ರತಿಧ್ವನಿಯಾಗಿ ಹಿಂದಿರುಗುತ್ತದೆ. ಹಾಗಾಗಿ ಐದಕ್ಕೆ ಐದು ಕೊಡು ಎಂದರು. ನನ್ನ ಸ್ವಿಚ್ಚುಗಳಲ್ಲಿ ಐದು ಇರಲಿಲ್ಲ, ಹತ್ತು ಇತ್ತು. ಹತ್ತಕ್ಕೆ ಸರಿಸಿ ಮತ್ತೆ ಅದೇ ಬದಿ ಹಾಕಿದೆವು. ತಗಡಿನ ಸದ್ದು ಸಂಪೂರ್ಣ ಹೋಯಿತು. ಅದರ ಜೊತೆಗೆ ತಂಬೂರಿಯೂ ಹೋಯಿತು. ಮನ್ಸೂರರು ಕಂಬಳಿ ಹೊದ್ದು ಪಕ್ಕದ ಕೋಣೆಯಲ್ಲಿ ಕುಳಿತು ಹಾಡಿದ ಹಾಗಿತ್ತು. ಕಾಕಾ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ.

ಆಗ ಅವ್ವ ಮಾಡಿದ್ದನ್ನು ನಾನು ಮರೆಯಲಾರೆ. ಮೂಲೆಯ ತಂಬೂರಿಯ ಗವಸು ಬಿಚ್ಚಿ ತಂದು ಮಡಿಲಿಗೆ ಒರಗಿಸಿಕೊಂಡು ಕುಳಿತಳು. ಎಷ್ಟೋ ತಿಂಗಳು ಮುಟ್ಟದ ತಂತಿಗಳನ್ನು ಹತ್ತು ನಿಮಿಷ ಶ್ರುತಿ ಮಾಡಿದಳು. ಆಮೇಲೆ ಕುದುರೆಯ ಮೇಲೆ ತಂತಿಯ ಕೆಳಗಿದ್ದ ಹತ್ತಿಯ ಎಳೆಯನ್ನು ಪೂರ್ತಿ ಸರಿಸಿ ಒಂದು ತಂತಿ ಮೀಟಿದಳು. ಸದ್ದು ಬಂತು, ಆದರೆ ಮೊಂಡಾಗಿತ್ತು, ತಟ್ಟನೆ ಬಿದ್ದುಹೋಯಿತು. "ಈಗ ನಿಮ್ಮ ರೆಕಾರ್ಡ್ ಹೀಗೆ ಕೇಳಿಸುತ್ತಿದೆ." ಎಳೆಯನ್ನು ಒಳಗೆ ತಂದು ಬೇಡದ ಜಾಗದಲ್ಲಿ ನಿಲ್ಲಿಸಿದಳು. ತಂತಿ ಜರ್ರೆಂದಿತು. "ಮೊದಲು ಹೀಗಿತ್ತು." ಮತ್ತೆ ಉಗುರಿನಿಂದ ಎಳೆಯನ್ನು ಸಾಸಿವೆಯಷ್ಟು, ಸಾಸಿವೆಯಷ್ಟು ತಳ್ಳುತ್ತ ಹೋದಳು. ಒಂದು ಕಡೆ ತಂತಿ ತಾನಾಗಿ ತೆರೆದುಕೊಂಡಿತು, ಒಂದು ಮೀಟಿನಿಂದ ಕೋಣೆ ತುಂಬಿ ಬಹಳ ಹೊತ್ತು ಉಳಿಯಿತು. ಆಕೆ ಏನೂ ಹೇಳಲಿಲ್ಲ. ಕಾಕಾ ನನ್ನ ಕಡೆ ತಿರುಗಿ, "ನಡುವಿನ ಸ್ವಿಚ್ಚುಗಳು ಯಾವುವು?" ಎಂದು ಕೇಳಿದರು.

ಆ ರಾತ್ರಿ ನಾವಿಬ್ಬರೂ ಕಾಗದ ತೆಗೆದುಕೊಂಡು ಕುಳಿತೆವು. ದೂರವಾಣಿಯ ಲೆಕ್ಕ ಇಲ್ಲಿ ಏಕೆ ಹೊಂದುವುದಿಲ್ಲ ಎಂದು ಕಂಡುಹಿಡಿದವರು ಕಾಕಾ ಅವರೇ. ದೂರವಾಣಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಶಕ್ತಿ ತಲುಪಬೇಕು. ಸಮ ರೋಧ ಇದ್ದಾಗ ಶಕ್ತಿ ಅತಿ ಹೆಚ್ಚು ದಾಟುತ್ತದೆ, ನಿಜ. ಆದರೆ ಹಾಗೆ ದಾಟುವಾಗ ವೋಲ್ಟೇಜಿನಲ್ಲಿ ಅರ್ಧ ಮೂಲದಲ್ಲೇ ಉಳಿದುಬಿಡುತ್ತದೆ, 6 ಡೆಸಿಬಲ್ ಖೋತಾ. ಫೋನೊ ಸ್ಟೇಜಿನ ಮೊದಲ ಟ್ರಾನ್ಸಿಸ್ಟರ್‌ಗೆ ಶಕ್ತಿ ಬೇಕಿಲ್ಲ, ಅದು ನೋಡುವುದು ವೋಲ್ಟೇಜನ್ನು. ವೋಲ್ಟೇಜ್ ಹಾಳಾಗದೆ ಬರಬೇಕಾದರೆ ಎದುರಿನ ರೋಧ ಮೂಲದ ಹತ್ತು ಪಟ್ಟಾದರೂ ಇರಬೇಕು. ಐದು ಓಮ್‌ಗೆ ನೂರು ಕೊಟ್ಟರೆ ಕಳೆಯುವುದು ಬರೀ 0.4 ಡೆಸಿಬಲ್. ಹತ್ತು ಕೊಟ್ಟಾಗ ನಾವು ಕಳೆದುಕೊಂಡದ್ದು ಮೂರೂವರೆ. ಹೊಂದಾಣಿಕೆ ಎಂಬ ಒಂದೇ ಪದವನ್ನು ಎರಡೂ ಕಡೆ ಬಳಸುವುದರಿಂದ ಎಷ್ಟು ಗೊಂದಲ ಎಂದು ಕಾಕಾ ಬಹಳ ಹೊತ್ತು ಮಾತನಾಡಿದರು. ಒಂದು ಕಡೆ ಅದರ ಅರ್ಥ ಸಮನಾಗಿರುವುದು, ಇನ್ನೊಂದು ಕಡೆ ದಾರಿಗೆ ಅಡ್ಡ ಬಾರದೆ ಅಂತರ ಕಾಯ್ದುಕೊಳ್ಳುವುದು.

ಹಾಗಾದರೆ 47 ಸಾವಿರ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕಿತ್ತಲ್ಲ? ಇದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಹಳೆಯ ಎಂಎಂ ಕಾರ್ಟ್ರಿಜ್‌ನ ವಿಷಯದಲ್ಲಿ ಲೆಕ್ಕ ಕಿವಿಗೆ ನೇರವಾಗಿ ತಾಗುವಂಥದ್ದು. ಅದರ ಸುರುಳಿಯ ಇಂಡಕ್ಟೆನ್ಸ್ (ಬದಲಾಗುವ ಕರೆಂಟಿಗೆ ಸುರುಳಿ ಒಡ್ಡುವ ತಡೆಯ ಅಳತೆ) 700 ಮಿಲಿಹೆನ್ರಿ, ಕೇಬಲ್ಲು ಮತ್ತು ಫೋನೊ ಸ್ಟೇಜಿನ ಕೆಪಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಗುಣದ ಅಳತೆ) ಕೂಡಿ 250 ಪಿಕೋಫ್ಯಾರಡ್ ಎಂದರೆ ಎರಡೂ ಸೇರಿ 12 ಕಿಲೋಹರ್ಟ್ಜಿನ ಹತ್ತಿರ ಅನುರಣಿಸುತ್ತವೆ. ಅದು ನಾವು ಕೇಳುವ ಎಲ್ಲೆಯೊಳಗೇ ಇದೆ. ಆ ಕಾರಣಕ್ಕೇ ಎಂಎಂನಲ್ಲಿ ಕೇಬಲ್ ಬದಲಿಸಿದರೂ ಸದ್ದು ಬದಲಾಗುತ್ತದೆ. ಎಂಸಿಯ ಇಂಡಕ್ಟೆನ್ಸ್ ಕೆಲವೇ ಮೈಕ್ರೋಹೆನ್ರಿ. ಅನುರಣನ ಹಲವು ಮೆಗಾಹರ್ಟ್ಜ್ ಎತ್ತರಕ್ಕೆ, ಯಾವ ಪ್ರಾಣಿಗೂ ಕೇಳದ ಜಾಗಕ್ಕೆ ಹೋಗುತ್ತದೆ. ನಮಗೆ ಕೇಳಿಸುವುದಿಲ್ಲ, ಆದರೆ ಫೋನೊ ಸ್ಟೇಜಿಗೆ ಅದು ಬಂದು ತಲುಪುತ್ತದೆ. 47 ಸಾವಿರ ಓಮ್ ಆ ಅನುರಣನವನ್ನು ತಡೆಯುವಷ್ಟು ಭಾರವಲ್ಲ. ಅದು ತನ್ನ ಪಾಡಿಗೆ ಮೊನೆಯಾಗಿ ನಿಂತಿರುತ್ತದೆ, ಧೂಳಿನ ಕಣ ಸಿಕ್ಕಾಗಲೆಲ್ಲ ಮೊದಲ ಹಂತದ ಟ್ರಾನ್ಸಿಸ್ಟರುಗಳು ಆ ಮೊನೆಯನ್ನು ತಾಳಿಕೊಳ್ಳಬೇಕು. ಕೆಲವು ಫೋನೊ ಸ್ಟೇಜುಗಳು ತಾಳಿಕೊಳ್ಳುತ್ತವೆ. ತಾಳಿಕೊಳ್ಳದವುಗಳಲ್ಲಿ ಆ ಕಷ್ಟದ ಗುರುತು ಕೆಳಗೆ, ನಾವು ಕೇಳುವ ಸ್ವರಗಳ ಅಂಚಿನಲ್ಲಿ, ಒರಟಾಗಿ ಮೂಡುತ್ತದೆ. ಹಾಗಾಗಿ ಎಂಸಿಗೆ ಲೋಡ್ ಹಾಕುವುದೆಂದರೆ ಬಹುಮಟ್ಟಿಗೆ ಫೋನೊ ಸ್ಟೇಜನ್ನು ಕಾಪಾಡುವ ಕೆಲಸ. ಇದು ಅರ್ಥವಾದ ಮೇಲೆ, ಇಂಥ ಕಾರ್ಟ್ರಿಜ್‌ಗೆ ಇಷ್ಟೇ ಓಮ್ ಎಂದು ಖಚಿತವಾಗಿ ಹೇಳುವವರ ಮಾತನ್ನು ನಾನು ಅರ್ಧ ಮಾತ್ರ ಕೇಳುತ್ತೇನೆ. ಅವರ ಫೋನೊ ಸ್ಟೇಜ್ ಯಾವುದು ಎಂದು ಮೊದಲು ಕೇಳಬೇಕು.

ಮಾರನೆಯ ಬೆಳಿಗ್ಗೆ ಕಾಕಾ ಇನ್ನೊಂದು ಹಟ ಹಿಡಿದರು. ಸದ್ದಿನ ಮಟ್ಟ ಸಮ ಮಾಡದೆ ಎರಡನ್ನು ಹೋಲಿಸಬಾರದು ಎಂದರು. ನನ್ನ ಬಳಿ ಒಂದು ಪರೀಕ್ಷಾ ರೆಕಾರ್ಡ್ ಇದೆ. ಅದರ 1 ಕಿಲೋಹರ್ಟ್ಜ್ ಸ್ವರ ಹಾಕಿ, ಈ ಸಲ ಮೀಟರನ್ನು ಕಾರ್ಟ್ರಿಜ್‌ನಿಂದ ದೂರ, ಸ್ಪೀಕರಿನ ತುದಿಯಲ್ಲಿ ಇಟ್ಟು, ಹತ್ತು ಓಮ್‌ಗೂ ನೂರು ಓಮ್‌ಗೂ ವಾಲ್ಯೂಮ್ ಎಲ್ಲಿ ನಿಲ್ಲಬೇಕು ಎಂದು ಗುಂಡಿಯ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿದೆವು. ಮೂರೂವರೆಯಿಂದ 0.4 ಕಳೆದರೆ ಲೆಕ್ಕದಲ್ಲಿ ಉಳಿಯುವ ಸುಮಾರು ಮೂರು ಡೆಸಿಬಲ್ ಮೀಟರಿನಲ್ಲೂ ಹಾಗೆಯೇ ಬಂತು. ಸಮ ಮಾಡಿ ಕೇಳಿದಾಗ ಹತ್ತು ಓಮ್ ಹಿಂದಿನ ರಾತ್ರಿ ಅನಿಸಿದಷ್ಟು ಸತ್ತಿರಲಿಲ್ಲ. ಕಂಬಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕಡಿಮೆ ಸದ್ದಾಗಿತ್ತು. ಸದ್ದು ತಗ್ಗಿದಾಗ ಕಿವಿ ಮೊದಲು ಬಿಟ್ಟುಕೊಡುವುದು ಬುಡದ ಸ್ವರಗಳನ್ನು ಮತ್ತು ತುದಿಯ ಮಿನುಗನ್ನು. ತಂಬೂರಿ ಎಂದರೆ ಅವೆರಡೇ ತಾನೆ. ಉಳಿದ ಸ್ವಲ್ಪ ವ್ಯತ್ಯಾಸ ನಿಜವಾಗಿಯೂ ಇತ್ತು, ನೂರೇ ಉತ್ತಮ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಅಳೆಯದೆ ಬರೆದ ನನ್ನ ಹಿಂದಿನ ರಾತ್ರಿಯ ಟಿಪ್ಪಣಿಗಳನ್ನು ನಾನು ಹರಿದುಹಾಕಿದೆ. ಅದೇ ರೆಕಾರ್ಡಿನ 10 ಕಿಲೋಹರ್ಟ್ಜ್ ಸ್ವರ ಕಾಕಾ ಅವರಿಗೆ ಕೇಳಿಸಲೇ ಇಲ್ಲ. ಸೂಜಿ ಓಡುತ್ತಿದೆಯೇ ಎಂದು ಬಗ್ಗಿ ನೋಡಿದರು. ಆದರೂ ಜವಾರಿ ಕೆಟ್ಟದ್ದು ಅವರಿಗೆ ಗೊತ್ತಾಗಿತ್ತು. ಕಿವಿಯ ಎಲ್ಲೆ ಬೇರೆ, ಕೇಳುವ ಅಭ್ಯಾಸ ಬೇರೆ.

ತಾನಿನಲ್ಲಿ ಒಡೆದ ಸದ್ದು

ನೂರು ಓಮ್‌ನಲ್ಲಿ ತಂಬೂರಿ ಮುಕ್ಕಾಲು ಪಾಲು ಮರಳಿತು. ಇನ್ನೊಂದು ತೊಂದರೆ ಉಳಿದಿತ್ತು. ಅದನ್ನು ನಾನು ರೆಕಾರ್ಡಿನ ಸವಕಳಿ ಎಂದು ಬರೆದು ಬದಿಗಿಟ್ಟಿದ್ದೆ. ಎರಡನೇ ಬದಿಯಲ್ಲಿ ಮನ್ಸೂರರು ತಾರಷಡ್ಜದ ಮೇಲೆ ನಿಂತು, ಅಲ್ಲಿಂದ ಒಂದೇ ಉಸಿರಿನಲ್ಲಿ ಕೆಳಗಿಳಿಯುವ ಒಂದು ತಾನು ಇದೆ. ಆ ಷಡ್ಜದ ಮೇಲೆ ಧ್ವನಿ ಒಡೆಯುತ್ತಿತ್ತು, ಮಣ್ಣಿನ ಗಡಿಗೆಯ ಅಂಚು ಬಿರಿದಂತೆ. ಹಳೆಯ ಕಾರ್ಟ್ರಿಜ್‌ನಲ್ಲಿ ಹೀಗೆ ಒಡೆದ ನೆನಪಿರಲಿಲ್ಲ, ಆದರೆ ನೆನಪನ್ನು ನಂಬುವುದು ಹೇಗೆ? ಕಾಕಾ ಮತ್ತೆ ಕಾಗದ ಎಳೆದುಕೊಂಡರು. 70 ಡೆಸಿಬಲ್ ಎಂದರೆ ಮೂರು ಸಾವಿರದ ನೂರಅರವತ್ತೆರಡು ಪಟ್ಟು. 0.4 ಮಿಲಿವೋಲ್ಟ್ ಆಗ 1.26 ವೋಲ್ಟ್ ಆಗುತ್ತದೆ. ಇಷ್ಟಕ್ಕೆ ಗಾಬರಿಯಿಲ್ಲ. ಆದರೆ ಸೆಕೆಂಡಿಗೆ 5 ಸೆಂಟಿಮೀಟರ್ ಎಂಬುದು ಗರಿಷ್ಠ ಮಿತಿ ಅಲ್ಲವೇ ಅಲ್ಲ. ಜೋರಾದ ಸ್ವರದಲ್ಲಿ ಕೊರಕಲು ಅದರ ನಾಲ್ಕೈದು ಪಟ್ಟು ವೇಗಕ್ಕೆ ಹೋಗಬಹುದು. ಆಗ ಹೊರಬರುವುದು ಐದಾರು ವೋಲ್ಟ್. ನನ್ನ ಆಂಪ್ಲಿಫೈಯರ್‌ನ ಒಳಹಾದಿ ಸಿಡಿ ಪ್ಲೇಯರಿನ 2 ವೋಲ್ಟ್ ಮಟ್ಟವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ವಾಲ್ಯೂಮ್ ಗುಂಡಿ ಅದರಲ್ಲಿ ಮೊದಲ ಹಂತದ ಆಚೆಗಿದೆ, ಅಂದರೆ ಗುಂಡಿ ಎಷ್ಟು ಕೆಳಗಿದ್ದರೂ ಅದಕ್ಕೂ ಮುಂಚೆಯೇ ಸಂಕೇತದ ಅಲೆಯ ತಲೆ ಚಪ್ಪಟೆಯಾಗಿರುತ್ತದೆ.

60ಕ್ಕೆ ಇಳಿಸಿದೆ. 60 ಎಂದರೆ ಸಾವಿರ ಪಟ್ಟು: 0.4 ವೋಲ್ಟ್, ಜೋರಿನಲ್ಲಿ 2 ವೋಲ್ಟ್. ಸಿಡಿಯ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿತು. ವಾಲ್ಯೂಮ್ ಗುಂಡಿ ಮುಂಚೆ ಗಡಿಯಾರದ ಎಂಟು ಗಂಟೆಯಲ್ಲಿರುತ್ತಿದ್ದದ್ದು ಈಗ ಹನ್ನೊಂದಕ್ಕೆ ಬಂತು. ತಾರಷಡ್ಜ ಬಂತು, ಒಡೆಯಲಿಲ್ಲ. ಒಡೆಯದ್ದು ಮಾತ್ರವಲ್ಲ, ಆ ಷಡ್ಜ ನಿಂತಿರುವಷ್ಟು ಹೊತ್ತೂ ಅದರ ಕೆಳಗೆ ತಂಬೂರಿಯ ಷಡ್ಜ ಕಾಣಿಸುತ್ತಿತ್ತು, ಧ್ವನಿ ಬಿಟ್ಟ ಕೂಡಲೇ ಅದೇ ಸ್ವರ ತಂತಿಯಲ್ಲಿ ಮುಂದುವರಿಯಿತು. ಎಲ್ಲಿ ಧ್ವನಿ ಮುಗಿದು ಎಲ್ಲಿ ತಂತಿ ಶುರುವಾಯಿತು ಎಂದು ಹೇಳಲಾಗದ ಹಾಗೆ. ನಾನು ಆ ಬದಿಯನ್ನು ನಾಲ್ಕು ಸಲ ಹಾಕಿದೆ. ಎರಡನೇ ಸಲಕ್ಕೆ ನನ್ನ ಕಣ್ಣು ತುಂಬಿತ್ತು. ಅಪ್ಪ ಇದನ್ನು ಹೀಗೆ ಎಂದೂ ಕೇಳಿರಲಾರರು. ಅವರ ಬಳಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಜ್‌ನ ಸಣ್ಣ ಪೆಟ್ಟಿಗೆ ಪ್ಲೇಯರ್. ಆದರೂ ಅವರು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ತೀನ್‌ತಾಲ ಎಣಿಸುತ್ತ ಕೇಳುತ್ತಿದ್ದರು.

ಗೇನ್ ವಿಚಾರದಲ್ಲಿ ನನಗೆ ಈಗ ಸ್ಪಷ್ಟ ಅಭಿಪ್ರಾಯವಿದೆ. ಜನ ಲೋಡ್ ಬಗ್ಗೆ ಪುಟಗಟ್ಟಲೆ ಮಾತನಾಡುತ್ತಾರೆ, ಗೇನ್ ಬಗ್ಗೆ ಒಂದು ಸಾಲು ಮುಗಿಸುತ್ತಾರೆ. ಆದರೆ ನನ್ನ ಮನೆಯಲ್ಲಿ ಹೆಚ್ಚು ಹಾನಿ ಮಾಡಿದ್ದು ಗೇನ್. ಕಡಿಮೆಯಾದರೆ ಕೂಡಲೇ ತಿಳಿಯುತ್ತದೆ, ವಾಲ್ಯೂಮ್ ಏರಿಸಬೇಕಾಗುತ್ತದೆ, ಹಿಂದಿನಿಂದ ಸುಯ್ಯೆನ್ನುವ ಸದ್ದು ಮೇಲೇಳುತ್ತದೆ. ಹೆಚ್ಚಾದರೆ ತಿಳಿಯುವುದಿಲ್ಲ. ಎಲ್ಲವೂ ಚುರುಕಾಗಿ, ಜೀವಂತವಾಗಿ ಇದೆ ಎಂದೇ ಅನಿಸುತ್ತದೆ, ಒಂದು ತಾರಷಡ್ಜ ಬರುವ ತನಕ.

ಎರವಲು ತಂದ ಟ್ರಾನ್ಸ್‌ಫಾರ್ಮರ್

ಬೆಂಗಳೂರಿನ ಗೆಳೆಯರೊಬ್ಬರು ಈ ಕತೆ ಕೇಳಿ ತಮ್ಮ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಎರವಲು ಕಳಿಸಿಕೊಟ್ಟರು. ಎಂಸಿಯ ಸಣ್ಣ ವೋಲ್ಟೇಜನ್ನು ಟ್ರಾನ್ಸಿಸ್ಟರಿನಿಂದ ಎತ್ತದೆ ತಾಮ್ರದ ಸುತ್ತುಗಳಿಂದ ಎತ್ತಿ ಎಂಎಂ ದ್ವಾರಕ್ಕೆ ಕೊಡುವ ಹಳೆಯ ದಾರಿ. ಇದರಲ್ಲಿ ನನಗೆ ಹಿಡಿಸಿದ್ದು ಅದರ ಲೆಕ್ಕದ ಬಿಗಿ. ಸುತ್ತುಗಳ ಪಟ್ಟು ಹತ್ತು ಇದ್ದರೆ ವೋಲ್ಟೇಜ್ ಹತ್ತು ಪಟ್ಟು, ಆದರೆ ಆಚೆಯ 47 ಸಾವಿರ ಓಮ್ ಈಚೆಯಿಂದ ನೋಡಿದರೆ ನೂರನೇ ಒಂದು ಭಾಗ, 470 ಓಮ್ ಆಗಿ ಕಾಣುತ್ತದೆ. ಇಪ್ಪತ್ತು ಇದ್ದರೆ ವೋಲ್ಟೇಜ್ ಇಪ್ಪತ್ತು ಪಟ್ಟು, ಎದುರಿನ ರೋಧ ನಾನೂರನೇ ಒಂದು ಭಾಗ, ಸುಮಾರು 117 ಓಮ್. ಗೇನ್ ಬೇರೆ, ಲೋಡ್ ಬೇರೆ ಎಂದು ಇಲ್ಲಿ ಆರಿಸಿಕೊಳ್ಳುವಂತಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಜೊತೆಗೇ ಬರುತ್ತದೆ.

ಗೆಳೆಯರ ಕಾರ್ಟ್ರಿಜ್ ಜಪಾನಿನ ಡೆನಾನ್ ಡಿಎಲ್-103. 1960ರ ದಶಕದಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಬಳಕೆಗಾಗಿ ರೂಪುಗೊಂಡದ್ದು, ಇಂದಿಗೂ ಮಾರಾಟದಲ್ಲಿದೆ. ಅದು ಕೊಡುವುದು 0.3 ಮಿಲಿವೋಲ್ಟ್, ನನ್ನದರ ಹತ್ತಿರ ಹತ್ತಿರವೇ. ಆದರೆ ಒಳಗಿನ ರೋಧ 40 ಓಮ್. ಅದನ್ನು ಹತ್ತು ಪಟ್ಟಿನ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟರೆ ಎದುರಿಗೆ 470, ಹನ್ನೆರಡು ಪಟ್ಟು ಅಂತರ, ಚೆನ್ನಾಗಿ ಕೂರುತ್ತದೆ. ಇಪ್ಪತ್ತು ಪಟ್ಟಿನದಕ್ಕೆ ಕೊಟ್ಟರೆ 117ರ ಎದುರು 40 ಸೊರಗುತ್ತದೆ, ಎರಡೂವರೆ ಡೆಸಿಬಲ್ ಅಲ್ಲೇ ಹೋಗುತ್ತದೆ. ನನ್ನ ಐದು ಓಮ್‌ಗೆ ಅದೇ ಇಪ್ಪತ್ತು ಪಟ್ಟು ತುಂಬ ಆರಾಮ, ಆದರೆ ಅದು ಎಂಎಂ ದ್ವಾರಕ್ಕೆ 8 ಮಿಲಿವೋಲ್ಟ್ ತಳ್ಳುತ್ತದೆ, ಮತ್ತೆ ತಾರಷಡ್ಜದ ಭಯ. ಹೊರಗಿನಿಂದ ನೋಡಿದರೆ ಅವಳಿಗಳಂತಿರುವ ಎರಡು ಕಾರ್ಟ್ರಿಜ್‌ಗಳು ಬೇಡುವ ಮನೆ ಬೇರೆ ಬೇರೆ. ಇನ್ನು ಎದುರಿನ ರೋಧವನ್ನು ಸೊನ್ನೆಯ ಹತ್ತಿರಕ್ಕೆ ತಂದು, ವೋಲ್ಟೇಜನ್ನು ಬಿಟ್ಟು ಕರೆಂಟನ್ನೇ ಹಿಡಿಯುವ ಫೋನೊ ಸ್ಟೇಜುಗಳೂ ಇವೆ. ಅವುಗಳ ಮುಂದೆ ನನ್ನದು 80 ಮೈಕ್ರೋಆಂಪಿಯರ್ ಕೊಟ್ಟರೆ ಗೆಳೆಯರದು ಏಳೂವರೆ ಕೊಡುತ್ತದೆ. ಹತ್ತು ಪಟ್ಟು ಅಂತರ ಎಂಬ ನಮ್ಮ ದೀಪಾವಳಿಯ ನಿಯಮಕ್ಕೆ ಅಲ್ಲಿ ಜಾಗವೇ ಇಲ್ಲ. ಕಾಕಾ ಅವರಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು.

ಹತ್ತು ಪಟ್ಟಿನ ಟ್ರಾನ್ಸ್‌ಫಾರ್ಮರ್ ನನ್ನ ಮನೆಯಲ್ಲಿ ಎರಡು ವಾರ ಇತ್ತು. ಮೊದಲ ದಿನ 50 ಹರ್ಟ್ಜಿನ ಗುಂಯ್‌ಗಾರ. ಆರ್‌ಐಎಎ ಆ ಜಾಗವನ್ನೇ 17 ಡೆಸಿಬಲ್ ಎತ್ತುತ್ತದೆ, ಹಾಗಾಗಿ ಮನೆಯ ವಿದ್ಯುತ್ತಿನ ಸಣ್ಣ ನೆರಳೂ ದೊಡ್ಡದಾಗುತ್ತದೆ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಆಂಪ್ಲಿಫೈಯರ್‌ನಿಂದ ಎರಡು ಅಡಿ ದೂರ ಸರಿಸಿ, ಕುಳಿತಲ್ಲೇ ಮೆಲ್ಲನೆ ತಿರುಗಿಸುತ್ತ ಹೋದರೆ ಒಂದು ದಿಕ್ಕಿನಲ್ಲಿ ಗುಂಯ್‌ಗಾರ ಬಹುತೇಕ ಅಡಗುತ್ತದೆ. ಆಂಪ್ಲಿಫೈಯರ್‌ನ ಮೂರನೇ ಪಿನ್ ತೆಗೆದುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಭೂಸಂಪರ್ಕ ನಿಮ್ಮ ಜೀವಕ್ಕಾಗಿ ಇರುವುದು. ಸದ್ದು ಹೇಗಿತ್ತು? ಧ್ವನಿ ಇನ್ನೂ ಮೈದುಂಬಿಕೊಂಡಿತ್ತು, ತಬಲಾಕ್ಕೆ ತೂಕ ಬಂದಿತ್ತು. ತಂಬೂರಿ ಮಾತ್ರ ಫೋನೊ ಸ್ಟೇಜಿನ ನೇರ ಎಂಸಿ ದ್ವಾರದಲ್ಲಿ, ನೂರು ಓಮ್‌ನಲ್ಲಿ, ಹೆಚ್ಚು ಉದ್ದಕ್ಕೆ ಉಳಿಯುತ್ತಿತ್ತು. ಅವ್ವನನ್ನು ಕರೆದು, ಯಾವುದು ಯಾವುದೆಂದು ಹೇಳದೆ, ಮಟ್ಟ ಸಮ ಮಾಡಿ, ಎರಡನ್ನೂ ಹಾಕಿದೆ. ಅವಳು ಆರಿಸಿದ್ದು ಟ್ರಾನ್ಸ್‌ಫಾರ್ಮರನ್ನು. "ಇದರಲ್ಲಿ ಅವರು ಎದುರಿಗೆ ಕುಳಿತಿದ್ದಾರೆ" ಎಂದಳು. ನಾನು ಆಗಲೂ ಈಗಲೂ ಇನ್ನೊಂದನ್ನೇ ಆರಿಸುತ್ತೇನೆ. ಟ್ರಾನ್ಸ್‌ಫಾರ್ಮರನ್ನು ಗೆಳೆಯರಿಗೆ ಹಿಂದಿರುಗಿಸಿದೆ.

ಈಗ ಫೋನೊ ಸ್ಟೇಜಿನ ಕೆಳಗೆ ಒಂದು ಚೀಟಿ ಅಂಟಿಸಿದೆ, ಕಾಕಾ ಅವರ ಅಕ್ಷರದಲ್ಲಿ: 60 ಡೆಸಿಬಲ್, 100 ಓಮ್, ಸೂಜಿಯ ಮೇಲೆ ಎರಡೂವರೆ ಗ್ರಾಂ ತೂಕ. ಕೆಳಗೆ ದಿನಾಂಕ. ಡಿಸೆಂಬರಿನ ಬೆಳಗಿನಲ್ಲಿ ಸೂಜಿಯನ್ನು ಹಿಡಿದಿರುವ ರಬ್ಬರ್ ತಣ್ಣಗಾಗಿ ಬಿಗಿದುಕೊಂಡಿರುತ್ತದೆ, ಮೊದಲ ಬದಿ ಸ್ವಲ್ಪ ಗಟ್ಟಿಯಾಗಿ ಕೇಳುತ್ತದೆ. ಆಗ ಮನ್ಸೂರರನ್ನು ಹಾಕುವುದಿಲ್ಲ. ಆ ಎಲ್‌ಪಿಯ ಎರಡನೇ ಬದಿಯ ಕೊನೆಯ ಒಂದೂವರೆ ನಿಮಿಷದಲ್ಲಿ ತಂಬೂರಿ ಈಗಲೂ ಮಸುಕಾಗುತ್ತದೆ. ಅಂಚಿನಲ್ಲಿ ಸೆಕೆಂಡಿಗೆ 51 ಸೆಂಟಿಮೀಟರ್ ಓಡುವ ಕೊರಕಲು ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ 21 ಸೆಂಟಿಮೀಟರಿಗೆ ಇಳಿದಿರುತ್ತದೆ, ಅದೇ ಸ್ವರ ಅಷ್ಟು ಕಡಿಮೆ ಜಾಗದಲ್ಲಿ ಮಡಚಿ ಕುಳಿತಿರುತ್ತದೆ. ಅದಕ್ಕೆ ಸ್ವಿಚ್ಚುಗಳಲ್ಲಿ ಉತ್ತರವಿಲ್ಲ, ಕಾರ್ಟ್ರಿಜ್ ತೋಳಿನಲ್ಲಿ ಕುಳಿತ ಕೋನವನ್ನು ನೋಡಬೇಕು. ಕಾಕಾ ಸಂಕ್ರಾಂತಿಗೆ ಬರುತ್ತಾರೆ. ಭೂತಗನ್ನಡಿ ತರುತ್ತೇನೆ ಎಂದಿದ್ದಾರೆ.